ಕೆಲಸ ಸಿಗೋದು ಕಷ್ಟ ಅನ್ನುವ ಡಿಗ್ರಿ ಓದಿಸಬೇಕಾ, ಬೇಡವಾ?

ದೊಡ್ಡಣ್ಣ:
ಮನೆಯಲ್ಲಿ ಈಗ ಊಟಕ್ಕೆ ಕೂತರೂ ಇದೇ ಮಾತು. ತಂಗಿಗೆ ಇತಿಹಾಸದಲ್ಲಿ ಡಿಗ್ರಿ ಮಾಡಬೇಕಂತೆ. ಅಂಕ ಚೆನ್ನಾಗಿದೆ. ಕಂಪ್ಯೂಟರ್ ಸೈನ್ಸ್ ಆಗಲಿ, ಕಾಮರ್ಸ್ ಆಗಲಿ, ಸೀಟು ಸಿಗುತ್ತದೆ. ಅವಳಿಗೆ ಅವೆರಡೂ ಬೇಡ. ಅಪ್ಪ ಅಮ್ಮ "ನೀನೇ ಏನಾದರೂ ಹೇಳು" ಅಂತ ನನ್ನ ಮೇಲೆ ಬಿಟ್ಟಿದ್ದಾರೆ. ಮನೆಗೆ ಸಂಬಳ ತರುವವನು ನಾನೊಬ್ಬನೇ, ಅದಕ್ಕೆ.

ಅವಳು ಹಟಮಾರಿ ಅಲ್ಲ. ಹಳೇ ಕಾಗದ ಪತ್ರ ಕೈಗೆ ಸಿಕ್ಕರೆ ಊಟ ಮರೆತು ಓದುತ್ತಾಳೆ. ಆದರೆ ಆ ಡಿಗ್ರಿ ಹಿಡಿದು ಆಮೇಲೆ ಏನು ಮಾಡುತ್ತಾಳೆ ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಇಂಥ ಡಿಗ್ರಿ ಓದಿದವರು, ಓದಿಸಿದವರು, ಕೆಲಸಕ್ಕೆ ತೆಗೆದುಕೊಳ್ಳುವವರು ಇಲ್ಲಿ ಇದ್ದೀರಿ. ಕಂಡಿದ್ದು ಹೇಳಿ. "ಮನಸ್ಸಿಗೆ ಬಂದದ್ದು ಓದಲಿ" ಅನ್ನುವ ಒಂದು ಸಾಲಿನ ಉತ್ತರ ಬೇಡ, ಅದನ್ನು ಅವಳೇ ದಿನಾ ಹೇಳುತ್ತಿದ್ದಾಳೆ.

ಲೆಕ್ಕಾಚಾರ:
ಬೇಡ. ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇತಿಹಾಸ ಓದುವುದಕ್ಕೆ ಕಾಲೇಜು ಬೇಕಾಗಿಲ್ಲ. ಲೈಬ್ರರಿ ಇದೆ, ಇಂಟರ್ನೆಟ್ ಇದೆ, ಸಂಜೆ ಇದೆ. ಡಿಗ್ರಿ ಅನ್ನುವುದು ಹೊಟ್ಟೆಪಾಡಿಗೆ. ಅದನ್ನು ಕೊಡದ ಡಿಗ್ರಿಗೆ ಮೂರ್ನಾಲ್ಕು ವರ್ಷ ಯಾಕೆ ಹಾಕಬೇಕು? ಕೆಲಸ ಕೊಡುವ ಕೋರ್ಸ್ ಮಾಡಲಿ, ಇಷ್ಟದ್ದನ್ನು ಬಿಡುವಿನಲ್ಲಿ ಓದಲಿ.

ಮೂರನೇಬೆಂಚು:
ಯಾರ ದುಡ್ಡು? ಸಾಲ ಮಾಡಿ ಓದಿಸುತ್ತೀರಾ? ಅದು ಮೊದಲು ಹೇಳಿ.

ದೊಡ್ಡಣ್ಣ:
ಮನೆ ಹತ್ತಿರದ ಸರ್ಕಾರಿ ಕಾಲೇಜಾದರೆ ಸಾಲ ಬೇಡ. ಅವಳಿಗೆ ಇಷ್ಟವಾಗಿರುವುದು ದೂರದ ಒಂದು ಖಾಸಗಿ ವಿಶ್ವವಿದ್ಯಾಲಯ. ಅಲ್ಲಿಗೆ ಹಾಕಿದರೆ ಅರ್ಧಕ್ಕಿಂತ ಜಾಸ್ತಿ ಸಾಲವೇ.

ಮೂರನೇಬೆಂಚು:
ಹಾಗಾದರೆ ನಿಮ್ಮ ಮುಂದಿರುವುದು ಎರಡು ಬೇರೆ ಬೇರೆ ಪ್ರಶ್ನೆ. ಇತಿಹಾಸ ಓದಬೇಕಾ ಅನ್ನುವುದು ಒಂದು. ಇತಿಹಾಸಕ್ಕೋಸ್ಕರ ಸಾಲ ಮಾಡಬೇಕಾ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ನನ್ನ ಉತ್ತರ ಖಂಡಿತಾ ಬೇಡ. ಸಾಲದ ಕಂತು ಶುರುವಾದ ಮೇಲೆ ಅವಳಿಗೆ ಆಯ್ಕೆಯೇ ಇರುವುದಿಲ್ಲ. ಮೊದಲು ಸಿಕ್ಕ ಕೆಲಸಕ್ಕೆ ಸೇರಬೇಕಾಗುತ್ತದೆ. ಇಂಥ ಡಿಗ್ರಿಯವರಿಗೆ ಸರಿಯಾದ ಕೆಲಸ ಹುಡುಕಿಕೊಳ್ಳಲು ಒಂದೆರಡು ವರ್ಷ ಬೇಕು. ಸಾಲ ಆ ಎರಡು ವರ್ಷವನ್ನೇ ಕಿತ್ತುಕೊಳ್ಳುತ್ತದೆ.

ಅಂಕಿಸಂಖ್ಯೆ:
ಲೆಕ್ಕಾಚಾರ ಅವರೇ, "ಕೆಲಸ ಕೊಡುವ ಕೋರ್ಸ್" ಯಾವುದು ಅಂತ ಅಷ್ಟು ಸುಲಭವಾಗಿ ಹೇಳುವ ಹಾಗಿಲ್ಲ. ಅಮೆರಿಕದ ನ್ಯೂಯಾರ್ಕ್ ಫೆಡರಲ್ ರಿಸರ್ವ್ ಬ್ಯಾಂಕ್ (ಅಲ್ಲಿನ ಕೇಂದ್ರ ಬ್ಯಾಂಕಿನ ಒಂದು ಭಾಗ) ಯಾವ ಡಿಗ್ರಿಯವರು ಎಷ್ಟು ಜನ ನಿರುದ್ಯೋಗಿಗಳು ಅಂತ ಪಟ್ಟಿ ಹಾಕುತ್ತದೆ. 22ರಿಂದ 27 ವಯಸ್ಸಿನ ಹೊಸ ಪದವೀಧರರದ್ದು. 2025ರ ಆರಂಭದಲ್ಲಿ ಬಂದ ಪಟ್ಟಿಯಲ್ಲಿ 2023ರ ಅಂಕಿ ಇದೆ. ಕಂಪ್ಯೂಟರ್ ಸೈನ್ಸ್ ಶೇ. 6.1. ಕಂಪ್ಯೂಟರ್ ಎಂಜಿನಿಯರಿಂಗ್ ಶೇ. 7.5. ಭೌತಶಾಸ್ತ್ರ ಶೇ. 7.8. ತತ್ವಶಾಸ್ತ್ರ ಶೇ. 3.2. ಕಲಾ ಇತಿಹಾಸ ಶೇ. 3.0.

ಕುಂಚ:
ಅಬ್ಬಾ! ಚಿತ್ರಕಲೆ ಕಡೆಯವರಿಗೆ ನೆಮ್ಮದಿಯ ಸುದ್ದಿ. ಇದನ್ನು ನಮ್ಮಪ್ಪನಿಗೆ ಈಗಲೇ ಕಳಿಸುತ್ತೇನೆ.

ಅಂಕಿಸಂಖ್ಯೆ:
ನಿಲ್ಲಿ, ಪೂರ್ತಿ ಹೇಳಿಲ್ಲ. ಅದೇ ಪಟ್ಟಿಯಲ್ಲಿ ಇನ್ನೊಂದು ಕಾಲಂ ಇದೆ. ಡಿಗ್ರಿಯೇ ಬೇಡದ ಕೆಲಸದಲ್ಲಿ ಎಷ್ಟು ಪದವೀಧರರಿದ್ದಾರೆ ಅನ್ನುವುದು ಅದರಲ್ಲಿದೆ. ಅಲ್ಲಿ ಕಂಪ್ಯೂಟರ್ ಸೈನ್ಸ್ ಶೇ. 16.5, ಕಲಾ ಇತಿಹಾಸ ಶೇ. 46.9. ಅಂದರೆ ಕಲಾ ಇತಿಹಾಸದವರು ಖಾಲಿ ಕೂತಿಲ್ಲ, ಆದರೆ ಹತ್ತಿರ ಹತ್ತಿರ ಅರ್ಧ ಜನ ಡಿಗ್ರಿ ಇಲ್ಲದೆಯೂ ಸಿಗುತ್ತಿದ್ದ ಕೆಲಸ ಮಾಡುತ್ತಿದ್ದಾರೆ. ಒಂದೇ ಕಾಲಂ ನೋಡಿ ಸಂಭ್ರಮಿಸಬೇಡಿ. ಒಂದೇ ಕಾಲಂ ನೋಡಿ ಹೆದರಲೂಬೇಡಿ.

ಇನ್ನೊಂದು ವಿಷಯ. "ಅಪರಾಧ ನ್ಯಾಯ" ಅನ್ನುವ ಡಿಗ್ರಿ ಇದೆ, ಪೊಲೀಸು, ಜೈಲು ಇಲಾಖೆ ಕಡೆಗೆ ಹೋಗುವವರು ಓದುವುದು. ಹೆಸರು ಕೇಳಿದರೆ ಕೆಲಸ ಗ್ಯಾರಂಟಿ ಅನ್ನಿಸುತ್ತದೆ ಅಲ್ವಾ? ಅದರಲ್ಲಿ ಶೇ. 67.2 ಜನ ಡಿಗ್ರಿ ಬೇಡದ ಕೆಲಸದಲ್ಲಿದ್ದಾರೆ. ನಿಜವಾಗಿ ಕೆಲಸ ಕೊಡುವುದು ನರ್ಸಿಂಗ್. ನಿರುದ್ಯೋಗ ಬರೀ ಶೇ. 1.4.

ಲೆಕ್ಕಾಚಾರ:
ನೋಡಿ, ಎರಡನೇ ಕಾಲಂ ನನ್ನ ಮಾತನ್ನೇ ಹೇಳುತ್ತಿದೆ.

ಕೀಲಿಮಣೆ:
ನಾನು ಕಂಪ್ಯೂಟರ್ ಸೈನ್ಸ್ ಮಾಡಿದವನು. ಸೇರುವಾಗ ಎಲ್ಲರೂ "ನಿನ್ನ ಜೀವನ ಸೆಟ್ಲ್" ಅಂದರು. ಮುಗಿಸಿ ಹೊರಗೆ ಬರುವ ಹೊತ್ತಿಗೆ ಕಂಪನಿಗಳು ಹೊಸಬರನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದ್ದವು. ಒಂದು ವರ್ಷ ಮನೆಯಲ್ಲಿದ್ದೆ. ಈಗ ಕೆಲಸ ಇದೆ, ಸಂಬಳವೂ ಚೆನ್ನಾಗಿದೆ, ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ನನ್ನ ಕ್ಲಾಸಿನಲ್ಲಿ ಈ ವಿಷಯ ಇಷ್ಟವಿಲ್ಲದೆ ಸೇರಿದವರಿದ್ದರು. ಅವರ ಕಷ್ಟ ನೋಡುವುದಕ್ಕಾಗುತ್ತಿರಲಿಲ್ಲ. ಇಷ್ಟ ಇದ್ದವನು ರಾತ್ರಿ ಕೂತು ತಾನೇ ಏನೋ ಕಟ್ಟುತ್ತಿರುತ್ತಾನೆ. ಇಷ್ಟ ಇಲ್ಲದವನು ಪರೀಕ್ಷೆಗೆ ಎಷ್ಟು ಬೇಕೋ ಅಷ್ಟೇ. ಸಂದರ್ಶನಕ್ಕೆ ಕೂತ ಹತ್ತು ನಿಮಿಷದಲ್ಲಿ ಆ ವ್ಯತ್ಯಾಸ ಗೊತ್ತಾಗಿಬಿಡುತ್ತದೆ. ಮಾರುಕಟ್ಟೆ ಚೆನ್ನಾಗಿದ್ದಾಗ ಇಬ್ಬರಿಗೂ ಕೆಲಸ. ಕೆಟ್ಟಾಗ ಒಬ್ಬನಿಗೇ.

ಹಳೇಮೇಷ್ಟ್ರು:
ಕೀಲಿಮಣೆ ಹೇಳಿದ್ದು ಹೊಸದಲ್ಲ. ರಿಚರ್ಡ್ ಫ್ರೀಮನ್ ಅನ್ನುವ ಅರ್ಥಶಾಸ್ತ್ರಜ್ಞ 1976ರಲ್ಲೇ ಎಂಜಿನಿಯರುಗಳ ಬಗ್ಗೆ ಇದನ್ನು ತೋರಿಸಿದ್ದಾರೆ. ಈ ವರ್ಷ ಸಂಬಳ ಜಾಸ್ತಿ ಇದೆ ಅಂತ ಎಲ್ಲರೂ ಒಂದೇ ಕೋರ್ಸಿಗೆ ನುಗ್ಗುತ್ತಾರೆ. ನಾಲ್ಕು ವರ್ಷ ಆದ ಮೇಲೆ ಎಲ್ಲರೂ ಒಟ್ಟಿಗೆ ಹೊರಗೆ ಬರುತ್ತಾರೆ. ಆಗ ಸಂಬಳ ಬೀಳುತ್ತದೆ. ಬಿದ್ದದ್ದನ್ನು ನೋಡಿ ಮುಂದಿನವರು ಸೇರುವುದಿಲ್ಲ. ಮತ್ತೆ ಜನ ಸಾಲದೆ ಸಂಬಳ ಏರುತ್ತದೆ. 2000ದಲ್ಲಿ ಇಂಟರ್ನೆಟ್ ಕಂಪನಿಗಳು ಮುಗ್ಗರಿಸಿದ ಡಾಟ್‌ಕಾಂ ಕುಸಿತದ ನಂತರ ಅಮೆರಿಕದಲ್ಲಿ ಕಂಪ್ಯೂಟರ್ ಸೈನ್ಸ್ ಸೇರುವವರು ತೀರಾ ಕಡಿಮೆಯಾಗಿದ್ದರು. ಹತ್ತು ಹನ್ನೆರಡು ವರ್ಷದಲ್ಲಿ ಅದೇ ವಿಷಯಕ್ಕೆ ಮತ್ತೆ ಸಾಲು ನಿಂತಿತು.

ಸೀಟು ತೆಗೆದುಕೊಳ್ಳುವ ದಿನದ ಮಾರುಕಟ್ಟೆ ನೋಡಿ ಕೋರ್ಸ್ ಆರಿಸುತ್ತೇವೆ. ಕೆಲಸ ಹುಡುಕುವುದು ನಾಲ್ಕು ವರ್ಷದ ನಂತರದ ಮಾರುಕಟ್ಟೆಯಲ್ಲಿ. ಅದನ್ನು ಯಾರೂ ನೋಡಿಲ್ಲ.

ನಾನು ಇತಿಹಾಸ ಕಲಿಸಿದವನು. ಹಾಗಂತ ಎಲ್ಲರಿಗೂ ಇತಿಹಾಸ ಓದಿ ಅನ್ನುವುದಿಲ್ಲ. ಬೇರೆ ಎಲ್ಲೂ ಸೀಟು ಸಿಗಲಿಲ್ಲ ಅಂತ ಬಂದು ಕೂರುವ ಹುಡುಗರಿಗೆ ಇದರಿಂದ ಏನೂ ಸಿಗುವುದಿಲ್ಲ. ಗೈಡ್ ಓದಿ ಪಾಸಾಗಿ ಹೋಗುತ್ತಾರೆ. ನಿಮ್ಮ ತಂಗಿ ಆ ಥರದವಳಲ್ಲ ಅಂತ ನಿಮ್ಮ ಮಾತಿನಲ್ಲೇ ಗೊತ್ತಾಗುತ್ತದೆ.

ಕಡತದಕೋಣೆ:
ಇತಿಹಾಸದಲ್ಲಿ ಎಂಎ ಮಾಡಿದವಳು ನಾನು. ಈಗ ಒಂದು ವಿಮಾ ಕಂಪನಿಯ ಕ್ಲೇಮ್ ವಿಭಾಗದಲ್ಲಿದ್ದೇನೆ. ಬಂದ ಅರ್ಜಿ ನಿಜವಾ ಸುಳ್ಳಾ ಅಂತ ಕಾಗದ ಓದಿ ಹೇಳುವ ಕೆಲಸ.

ಒಂದು ಕಡತದ ಕತೆ ಹೇಳುತ್ತೇನೆ. ಗೋದಾಮಿಗೆ ನೆರೆ ನೀರು ನುಗ್ಗಿ ಸರಕೆಲ್ಲ ಹಾಳಾಯಿತು ಅಂತ ಅರ್ಜಿ. ಜೊತೆಗೆ ಸರಕಿನ ಪಟ್ಟಿ. ನೀರು ಬರುವ ಹಿಂದಿನ ದಿನದ ತಾರೀಖು, ಕೆಳಗೆ ಸಹಿ, ಸೀಲು, ಎಲ್ಲ ಸರಿಯಾಗಿತ್ತು. ನನಗಿಂತ ಮುಂಚೆ ನೋಡಿದವರು ಮೊತ್ತ ಕೂಡಿ, ಸರಿ ಇದೆ ಅಂತ ಟಿಕ್ ಹಾಕಿದ್ದರು. ನಾನು ಪಟ್ಟಿಯನ್ನು ಸಾಲು ಸಾಲಾಗಿ ಖರೀದಿ ಬಿಲ್ಲುಗಳ ಪಕ್ಕ ಇಟ್ಟುಕೊಂಡು ಓದಿದೆ. ನಡುವೆ ಒಂದು ಸಾಲಿನಲ್ಲಿ ಬರೆದಿದ್ದ ಬಿಲ್ ನಂಬರು ನೆರೆ ಇಳಿದ ಮೇಲಿನ ವಾರದ್ದು. ಇನ್ನೂ ಹುಟ್ಟದ ಬಿಲ್ಲಿನ ನಂಬರು ಪಟ್ಟಿ ಬರೆದವನಿಗೆ ಹೇಗೆ ಗೊತ್ತಾಯಿತು? ಪಟ್ಟಿಯನ್ನು ಆಮೇಲೆ ಕೂತು ಬರೆದು ಹಿಂದಿನ ತಾರೀಖು ಹಾಕಿದ್ದರು.

ಇದನ್ನು ನನಗೆ ಆಫೀಸಿನ ತರಬೇತಿಯಲ್ಲಿ ಹೇಳಿಕೊಡಲಿಲ್ಲ. ಈ ಕಾಗದ ಯಾರು ಬರೆದರು, ಯಾವಾಗ ಬರೆದರು, ಯಾರಿಗೆ ತೋರಿಸುವುದಕ್ಕೆ ಬರೆದರು ಅಂತ ಕೇಳಿಕೊಂಡು ಓದುವುದು ಎಂಎ ತರಗತಿಯಲ್ಲಿ ಬಂದ ಅಭ್ಯಾಸ.

ಹಳೇಮೇಷ್ಟ್ರು:
ನೀವು ಮಾಡಿದ್ದನ್ನೇ ಇಟಲಿಯ ವಿದ್ವಾಂಸ ಲೊರೆಂಜೊ ವಲ್ಲಾ 1440ರಲ್ಲಿ ಮಾಡಿದ್ದು ಕಣಮ್ಮ! ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ ನಾಲ್ಕನೇ ಶತಮಾನದಲ್ಲಿ ಪಶ್ಚಿಮದ ರಾಜ್ಯದ ಅಧಿಕಾರವನ್ನೆಲ್ಲ ಪೋಪ್‌ಗೆ ಬರೆದುಕೊಟ್ಟ ಅನ್ನುವ ದಾನಪತ್ರ ಒಂದಿತ್ತು. ಶತಮಾನಗಟ್ಟಲೆ ಅದನ್ನು ಮುಂದಿಟ್ಟುಕೊಂಡು ವಾದ ನಡೆಯುತ್ತಿತ್ತು. ವಲ್ಲಾ ಅದರ ಲ್ಯಾಟಿನ್ ಭಾಷೆ ಹಿಡಿದು ನೋಡಿದ. ಕಾನ್‌ಸ್ಟಂಟೈನ್ ಕಾಲದಲ್ಲಿ ಬಳಕೆಯಲ್ಲೇ ಇಲ್ಲದ ಪದಗಳು ಅದರಲ್ಲಿದ್ದವು. ಅದು ಎಂಟನೇ ಶತಮಾನದ ಸುಮಾರಿಗೆ ಹುಟ್ಟಿದ ನಕಲಿ ಪತ್ರ ಅಂತ ಈಗ ಎಲ್ಲರೂ ಒಪ್ಪುತ್ತಾರೆ. ನಿಮ್ಮ ಕಡತ ಓದಿ ನನಗೆ ಬಹಳ ಖುಷಿಯಾಯಿತು.

ಲೆಕ್ಕಾಚಾರ:
ಕಡತದಕೋಣೆ ಮೇಡಂ, ಕತೆ ನಿಜಕ್ಕೂ ಚೆನ್ನಾಗಿದೆ. ಆದರೆ ಆ ಕುರ್ಚಿಯವರೆಗೆ ನೀವು ಹೇಗೆ ತಲುಪಿದಿರಿ? ಇತಿಹಾಸ ಎಂಎ ಬೇಕಾಗಿದೆ ಅಂತ ಯಾವ ವಿಮಾ ಕಂಪನಿಯೂ ಜಾಹೀರಾತು ಹಾಕುವುದಿಲ್ಲ ಅಲ್ವಾ? ದೊಡ್ಡಣ್ಣ ಅವರಿಗೆ ಬೇಕಾಗಿರುವುದು ಆ ಭಾಗ.

ಕಡತದಕೋಣೆ:
ನ್ಯಾಯವಾದ ಪ್ರಶ್ನೆ. ಜಾಹೀರಾತು ನೋಡಿ ಅರ್ಜಿ ಹಾಕಿದ ಕಡೆ ಒಂದೂ ಕರೆ ಬರಲಿಲ್ಲ. ಕಂಪ್ಯೂಟರೇ ಅರ್ಜಿ ಸೋಸುತ್ತದೆ, ಅದಕ್ಕೆ ಡಿಗ್ರಿಯ ಹೆಸರು ಮಾತ್ರ ಕಾಣುವುದು. ಕೊನೆಗೆ ಅದೇ ಕಂಪನಿಯಲ್ಲಿ ಹಳೇ ಕಡತಗಳನ್ನು ಸ್ಕ್ಯಾನ್ ಮಾಡಿ ಪಟ್ಟಿ ಮಾಡುವ ತಾತ್ಕಾಲಿಕ ಕೆಲಸಕ್ಕೆ ಸೇರಿದೆ. ಸಂಬಳ ತೀರಾ ಕಡಿಮೆ. ಕಡತ ಜೋಡಿಸುವಾಗ ಕಂಡ ತಪ್ಪುಗಳನ್ನು ಚೀಟಿಯಲ್ಲಿ ಬರೆದು ಅಂಟಿಸುತ್ತಿದ್ದೆ. ಆ ಚೀಟಿಗಳನ್ನು ಮ್ಯಾನೇಜರ್ ಓದಿದರು. ಸಂಜೆ ಹೊತ್ತು ವಿಮೆಯ ಪರೀಕ್ಷೆಗಳನ್ನು ಕಟ್ಟಿದೆ, ಎಕ್ಸೆಲ್ ಕಲಿತೆ. ಆಮೇಲೆ ಒಳಗಿನಿಂದಲೇ ಕ್ಲೇಮ್ ವಿಭಾಗಕ್ಕೆ ಹಾಕಿದರು.

ಆ ಮೊದಲ ವರ್ಷಗಳು ಕಷ್ಟದವು. ನನ್ನ ಜೊತೆ ಓದಿ ಕಾಮರ್ಸ್‌ಗೆ ಹೋದವರು ಆ ಹೊತ್ತಿಗೆ ಎಲ್ಲೋ ಇದ್ದರು. ಮನೆಯಲ್ಲಿ ಸಾಲ ಇರಲಿಲ್ಲ, ಅಮ್ಮ ಏನೂ ಅನ್ನಲಿಲ್ಲ, ಅದಕ್ಕೇ ತಡೆದುಕೊಂಡೆ. ಮೂರನೇಬೆಂಚು ಅವರ ಮಾತಿಗೆ ನನ್ನದೂ ಒಂದು ಸಹಿ.

ಕುಂಚ:
ಆಫೀಸಿನವರು ಸಂದೇಶ ಕಳಿಸಿಕೊಳ್ಳುವ ಸ್ಲ್ಯಾಕ್ ಆ್ಯಪ್‌ನ ಕಂಪನಿ ಕಟ್ಟಿದ ಸ್ಟೀವರ್ಟ್ ಬಟರ್‌ಫೀಲ್ಡ್ ಓದಿದ್ದು ತತ್ವಶಾಸ್ತ್ರ. ಯೂಟ್ಯೂಬ್ ಮುಖ್ಯಸ್ಥೆಯಾಗಿದ್ದ ಸೂಸನ್ ವೊಜ್‌ಸಿಕಿ ಓದಿದ್ದು ಇತಿಹಾಸ ಮತ್ತು ಸಾಹಿತ್ಯ. ಆ್ಯಪಲ್‌ನ ಸ್ಟೀವ್ ಜಾಬ್ಸ್ ಕ್ಯಾಲಿಗ್ರಫಿ (ಅಂದವಾಗಿ ಅಕ್ಷರ ಬರೆಯುವ ಕಲೆ) ಡಿಗ್ರಿ. ಇನ್ನೇನು ಬೇಕು?

ಮೂರನೇಬೆಂಚು:
ಜಾಬ್ಸ್ ಯಾವ ಡಿಗ್ರಿಯನ್ನೂ ಮುಗಿಸಲಿಲ್ಲ. ರೀಡ್ ಕಾಲೇಜು ಬಿಟ್ಟ ಮೇಲೆ ಕ್ಯಾಲಿಗ್ರಫಿ ತರಗತಿಯಲ್ಲಿ ಹೋಗಿ ಕೂರುತ್ತಿದ್ದರು, 2005ರಲ್ಲಿ ಸ್ಟ್ಯಾನ್‌ಫರ್ಡ್ ಭಾಷಣದಲ್ಲಿ ಅವರೇ ಹೇಳಿದ್ದಾರೆ. ಮತ್ತೆ ಈ ಹೆಸರುಗಳಿಂದ ಏನೂ ಸಾಬೀತಾಗುವುದಿಲ್ಲ. ಬಟರ್‌ಫೀಲ್ಡ್ ಓದಿದ್ದು ಕೇಂಬ್ರಿಜ್‌ನಲ್ಲಿ, ವೊಜ್‌ಸಿಕಿ ಹಾರ್ವರ್ಡ್‌ನಲ್ಲಿ. ಅಂಥ ಕಡೆ ಏನು ಓದಿದರೂ ಬಾಗಿಲು ತೆರೆಯುತ್ತದೆ. ತತ್ವಶಾಸ್ತ್ರ ಓದಿ ಏನೂ ಆಗದವರ ಹೆಸರು ಯಾರೂ ಪಟ್ಟಿ ಮಾಡುವುದಿಲ್ಲ.

ನೆರಳುಬೆಳಕು:
ಇದೇ ಮಾತನ್ನು ಅರ್ಥಶಾಸ್ತ್ರದವರು ಬೇರೆ ಥರ ಹೇಳುತ್ತಾರೆ. ಗ್ಯಾರಿ ಬೆಕರ್ 1964ರಲ್ಲಿ ಓದು ಅಂದರೆ ಬಂಡವಾಳ ಅಂದರು. ಕಲಿತದ್ದು ಕೈಯಲ್ಲಿ ಉಳಿಯುತ್ತದೆ, ಅದಕ್ಕೆ ಸಂಬಳ ಏರುತ್ತದೆ. ಮೈಕೆಲ್ ಸ್ಪೆನ್ಸ್ 1973ರಲ್ಲಿ ಡಿಗ್ರಿ ಒಂದು ಸೂಚನೆ ಅಂದರು. ಏನು ಕಲಿತರು ಅನ್ನುವುದಕ್ಕಿಂತ, ಕಷ್ಟದ ಕೋರ್ಸ್ ಮುಗಿಸುವ ಶಕ್ತಿ ಈ ಮನುಷ್ಯನಿಗಿದೆ ಅಂತ ಅದು ಕೆಲಸ ಕೊಡುವವನಿಗೆ ಹೇಳುತ್ತದೆ. ಇಬ್ಬರಿಗೂ ನೊಬೆಲ್ ಬಂತು. ಬೆಕರ್‌ಗೆ 1992ರಲ್ಲಿ, ಸ್ಪೆನ್ಸ್‌ಗೆ 2001ರಲ್ಲಿ.

ನನ್ನ ಪ್ರಕಾರ ಇತಿಹಾಸದಂಥ ಡಿಗ್ರಿಯಲ್ಲಿ ಕೈಯಲ್ಲಿ ಉಳಿಯುವುದು ಬೇಕಾದಷ್ಟಿದೆ, ಸೂಚನೆ ಮಾತ್ರ ದುರ್ಬಲ. ಕಡತದಕೋಣೆ ಅವರ ಅನುಭವವೇ ಅದಕ್ಕೆ ಸಾಕ್ಷಿ. ಕೆಲಸ ಮಾಡಲು ಬಂತು, ಆದರೆ ಬರುತ್ತದೆ ಅಂತ ಅರ್ಜಿ ಹೇಳಲಿಲ್ಲ. ಹಾಗಾಗಿ ಈ ದಾರಿ ಹಿಡಿದವರು ತೋರಿಸುವುದಕ್ಕೆ ಬೇರೆ ಏನಾದರೂ ಮಾಡಿಟ್ಟುಕೊಳ್ಳಲೇಬೇಕು. ಪ್ರಕಟವಾದ ಒಂದು ಲೇಖನ, ದಾಖಲೆಗಳ ಪಟ್ಟಿ, ಅನುವಾದ, ಇಂಟರ್ನ್‌ಶಿಪ್, ಏನಾದರೂ ಸರಿ.

ಕೀಲಿಮಣೆ:
ಸರಿಯಾಗಿ ಹೇಳಿದಿರಿ. ಇನ್ನೊಂದು ಸೇರಿಸುತ್ತೇನೆ. ಡೇವಿಡ್ ಡೆಮಿಂಗ್ ಮತ್ತು ಕದೀಮ್ ನೊರೇ ಅನ್ನುವ ಅರ್ಥಶಾಸ್ತ್ರಜ್ಞರು 2020ರಲ್ಲಿ ಬರೆದ ಪ್ರಬಂಧ ಇದೆ. ಕಂಪ್ಯೂಟರ್, ಎಂಜಿನಿಯರಿಂಗ್ ಓದಿದವರಿಗೆ ಶುರುವಿನಲ್ಲಿ ಸಂಬಳದಲ್ಲಿ ದೊಡ್ಡ ಮುನ್ನಡೆ ಇರುತ್ತದೆ. ವರ್ಷ ಕಳೆದ ಹಾಗೆ ಅದು ಕಿರಿದಾಗುತ್ತದೆ. ಆ ಕ್ಷೇತ್ರದಲ್ಲಿ ಬೇಕಾದ ಕೌಶಲ ಬೇಗ ಬೇಗ ಬದಲಾಗುತ್ತದೆ, ಕಾಲೇಜಿನಲ್ಲಿ ಕಲಿತದ್ದು ಹಳತಾಗುತ್ತದೆ. ನನ್ನ ಕೆಲಸದಲ್ಲಿ ಅದು ದಿನಾ ಕಾಣುತ್ತದೆ.

ಲೆಕ್ಕಾಚಾರ:
ಕಿರಿದಾಗುತ್ತದೆ ಅಂದರೆ ತಿರುಗುಮುರುಗಾಗುತ್ತದೆ ಅಂತ ಅಲ್ಲ. ಶುರುವಿನಲ್ಲಿ ಜಾಸ್ತಿ ಗಳಿಸಿದವನು ಆ ದುಡ್ಡನ್ನು ಉಳಿಸಿಯೂ ಇರುತ್ತಾನೆ.

ಕೀಲಿಮಣೆ:
ಒಪ್ಪಿದೆ.

ಎರಡುನುಡಿ:
ಭಾಷಾ ಡಿಗ್ರಿಗಳ ಬಗ್ಗೆ ಯಾರೂ ಹೇಳಲಿಲ್ಲ. ನಾನು ಕಾನೂನು ಮತ್ತು ವೈದ್ಯಕೀಯ ಕಾಗದಗಳ ಅನುವಾದ ಮಾಡುತ್ತೇನೆ. ಈಗ ಮೊದಲ ಕರಡು ಯಂತ್ರದ್ದು, ತಿದ್ದುವುದು ನಾನು. ಪುಟಕ್ಕೆ ಸಿಗುತ್ತಿದ್ದ ದುಡ್ಡು ಇಳಿದಿದೆ. ಆದರೆ ಆ ಕರಡಿನಲ್ಲಿ "ದಿನಕ್ಕೆ ಎರಡು ಸಲ" ಇದ್ದದ್ದು "ಎರಡು ದಿನಕ್ಕೊಮ್ಮೆ" ಆಗಿರುವುದನ್ನು ಹಿಡಿಯಬೇಕಾದರೆ ಎರಡೂ ಭಾಷೆ ಚೆನ್ನಾಗಿ ಬರಬೇಕು, ಔಷಧದ ಚೀಟಿ ಓದಲೂ ಬರಬೇಕು. ಬರೀ ಭಾಷೆ ಓದಿದವರಿಗೆ ಈಗ ಕಷ್ಟ ಇದೆ. ಭಾಷೆ ಜೊತೆ ಇನ್ನೊಂದು ವಿಷಯ ಗೊತ್ತಿರುವವರನ್ನು ಇವತ್ತಿಗೂ ಹುಡುಕಿಕೊಂಡು ಬರುತ್ತಾರೆ. ಕಾಲೇಜು ಸೇರುವ ಮಕ್ಕಳಿಗೆ ಇದನ್ನು ಮುಚ್ಚಿಡಬಾರದು.

ಹುಳಹುಪ್ಪಟೆ:
ಕಲಾ ವಿಷಯ ಅಂದರೆ ಕೆಲಸ ಇಲ್ಲ, ವಿಜ್ಞಾನ ಅಂದರೆ ಕೆಲಸ ಇದೆ ಅನ್ನುವುದನ್ನು ಮೊದಲು ಬಿಡಿ. ಪ್ರಾಣಿಶಾಸ್ತ್ರದಲ್ಲಿ ಡಿಗ್ರಿ ಮಾಡಿದ ನನಗೆ ಮುಂದೆ ಓದದೆ ಬಾಗಿಲೇ ತೆರೆಯಲಿಲ್ಲ. ಮೇಲೆ ಕೊಟ್ಟ ಪಟ್ಟಿಯಲ್ಲೇ ಭೌತಶಾಸ್ತ್ರ ಎಲ್ಲಿದೆ ನೋಡಿ.

ಸೂತ್ರಧಾರ:
ವಿಷಯಾಂತರ ಆದರೂ ಹೇಳಿಬಿಡುತ್ತೇನೆ. ಇವತ್ತು ಮಾರುಕಟ್ಟೆಯಲ್ಲಿರುವ ಕಂಪ್ಯೂಟರ್ ಎಂಜಿನಿಯರಿಂಗ್ ನಿಂತಿರುವುದೇ ಒಂದು ತತ್ವಶಾಸ್ತ್ರದ ತರಗತಿಯ ಮೇಲೆ. ಗಣಿತಜ್ಞ ಜಾರ್ಜ್ ಬೂಲ್ 1854ರಲ್ಲಿ ತರ್ಕವನ್ನು ಬೀಜಗಣಿತದ ಹಾಗೆ ಬರೆದರು. ಆಗ ಅದರಿಂದ ಯಾರಿಗೂ ಕೆಲಸ ಸಿಗುತ್ತಿರಲಿಲ್ಲ. ಕ್ಲಾಡ್ ಶಾನನ್ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದುವಾಗ ತತ್ವಶಾಸ್ತ್ರದ ತರಗತಿಯೊಂದರಲ್ಲಿ ಬೂಲ್‌ನ ತರ್ಕ ಕಲಿತರು. 1937ರಲ್ಲಿ ಎಂಐಟಿಯ ಪ್ರಬಂಧದಲ್ಲಿ ಅದನ್ನು ರಿಲೇಗಳಿಗೆ, ಅಂದರೆ ವಿದ್ಯುತ್ತಿನಿಂದ ತಾವೇ ತೆರೆದು ಮುಚ್ಚುವ ಸ್ವಿಚ್ಚುಗಳಿಗೆ, ಅನ್ವಯಿಸಿದರು. ಸ್ವಿಚ್ಚುಗಳಿಂದ ಲೆಕ್ಕ ಮಾಡಿಸುವ ದಾರಿ ತೆರೆದದ್ದು ಹಾಗೆ.

ಲೆಕ್ಕಾಚಾರ:
ಶಾನನ್ ತತ್ವಶಾಸ್ತ್ರದಲ್ಲಿ ಡಿಗ್ರಿ ಮಾಡಲಿಲ್ಲ ಸ್ವಾಮಿ. ಎಂಜಿನಿಯರಿಂಗ್ ಮತ್ತು ಗಣಿತ ಮಾಡಿ, ಪಕ್ಕದಲ್ಲಿ ಒಂದು ತರಗತಿ ಕೇಳಿದರು. ನಾನು ಹೇಳುತ್ತಿರುವುದೂ ಅದನ್ನೇ. ಮೈಕೆಲ್ ವೆಂಟ್ರಿಸ್‌ನನ್ನೂ ಸೇರಿಸಿಕೊಳ್ಳಿ. 1952ರಲ್ಲಿ ಲೀನಿಯರ್ ಬಿ ಅನ್ನುವ ಪ್ರಾಚೀನ ಗ್ರೀಕ್ ಲಿಪಿಯನ್ನು ಓದಿದವರು ಅವರು. ವೃತ್ತಿಯಲ್ಲಿ ವಾಸ್ತುಶಿಲ್ಪಿ.

ಸೂತ್ರಧಾರ:
ಆದರೆ ಆ ತತ್ವಶಾಸ್ತ್ರದ ತರಗತಿ ನಡೆಯಬೇಕಾದರೆ ಅದನ್ನು ಜೀವನಪೂರ್ತಿ ಓದಿದ ಒಬ್ಬ ಮೇಷ್ಟ್ರು ಅಲ್ಲಿ ಇರಬೇಕು. ಎಲ್ಲರೂ ನಿಮ್ಮ ಮಾತು ಕೇಳಿದರೆ ಆ ಮೇಷ್ಟ್ರು ಎಲ್ಲಿಂದ ಬರುತ್ತಾರೆ? ವೆಂಟ್ರಿಸ್ ಕೂಡ ಗ್ರೀಕ್ ವಿದ್ವಾಂಸ ಜಾನ್ ಚಾಡ್ವಿಕ್ ಜೊತೆ ಸೇರಿಯೇ ಆ ಕೆಲಸ ಮುಂದುವರಿಸಿದ್ದು.

ಹಳೇಮೇಷ್ಟ್ರು:
ಸರ್ಕಾರಗಳೂ ಲೆಕ್ಕಾಚಾರ ಅವರ ಹಾಗೆಯೇ ಯೋಚಿಸುತ್ತವೆ. 2015ರ ಜೂನ್‌ನಲ್ಲಿ ಜಪಾನಿನ ಶಿಕ್ಷಣ ಸಚಿವಾಲಯ ರಾಷ್ಟ್ರೀಯ ವಿಶ್ವವಿದ್ಯಾಲಯಗಳಿಗೆ ಪತ್ರ ಬರೆದು, ಮಾನವಿಕ ಮತ್ತು ಸಮಾಜ ವಿಜ್ಞಾನ ವಿಭಾಗಗಳನ್ನು ಮುಚ್ಚಿ, ಇಲ್ಲವೇ ಸಮಾಜಕ್ಕೆ ಹೆಚ್ಚು ಬೇಕಾದ ವಿಷಯಗಳಿಗೆ ಬದಲಿಸಿ ಅಂದಿತು. ದೊಡ್ಡ ಗಲಾಟೆಯಾಯಿತು. ಆಸ್ಟ್ರೇಲಿಯಾ 2021ರಿಂದ ಇತಿಹಾಸ, ತತ್ವಶಾಸ್ತ್ರದಂಥ ವಿಷಯಗಳ ಶುಲ್ಕವನ್ನು ಎರಡು ಪಟ್ಟಿಗಿಂತ ಜಾಸ್ತಿ ಮಾಡಿ, ನರ್ಸಿಂಗ್, ಶಿಕ್ಷಕ ತರಬೇತಿಯದ್ದನ್ನು ಇಳಿಸಿತು. ಇದರಿಂದ ಏಟು ಬೀಳುವುದು ದುಡ್ಡಿಲ್ಲದ ಮನೆಯ ಮಕ್ಕಳಿಗೆ. ಇತಿಹಾಸ ಓದುವುದು ಉಳ್ಳವರ ಹಕ್ಕಾಗಿಬಿಡುತ್ತದೆ. ಮುಂದೆ ಇತಿಹಾಸ ಬರೆಯುವವರೂ ಅವರೇ ಆಗುತ್ತಾರೆ. ಅದು ನನಗೆ ಸಂಕಟದ ವಿಷಯ.

ಕುಂಚ:
ಮೇಷ್ಟ್ರೇ, ಈ ಮಾತಿಗೆ ನೂರು ಲೈಕ್.

ಲೆಕ್ಕಾಚಾರ:
ಮೇಷ್ಟ್ರೇ, ಸಮಾಜಕ್ಕೆ ಇತಿಹಾಸಕಾರರು ಬೇಕು, ಒಪ್ಪುತ್ತೇನೆ. ಅದರ ಖರ್ಚನ್ನು ಸಮಾಜ ಕೊಡಲಿ. ಒಬ್ಬನ ಸಂಬಳದಲ್ಲಿ ನಡೆಯುವ ಮನೆ ಯಾಕೆ ಕೊಡಬೇಕು? ನಾನು ವಾದ ಮಾಡುತ್ತಿರುವುದು ಆ ಮನೆಗೋಸ್ಕರ. ಅವರ ಕೈಗೆ ಕಂತಿನ ಪುಸ್ತಕ ಬರಬಾರದು.

ಹಳೇಮೇಷ್ಟ್ರು:
ಆ ವಿಷಯದಲ್ಲಿ ನಿಮಗೂ ನನಗೂ ಜಗಳ ಇಲ್ಲ. ಸಾಲ ಇಲ್ಲದೆ ಓದುವ ಜಾಗ ಇದ್ದರೆ ಇತಿಹಾಸ ಓದಲಿ. ಅದಕ್ಕೂ ಬೇಡ ಅನ್ನುತ್ತೀರಾ?

ಲೆಕ್ಕಾಚಾರ:
ಜೊತೆಗೆ ಒಂದು ಕೈಕೆಲಸ ಕಲಿತರೆ ಬೇಡ ಅನ್ನುವುದಿಲ್ಲ. ಅಂಕಿ ಸಂಖ್ಯೆ ನಿಭಾಯಿಸುವುದು, ನಕ್ಷೆ ತಯಾರಿಸುವ ಸಾಫ್ಟ್‌ವೇರ್, ದಾಖಲೆ ಸಂರಕ್ಷಣೆ, ಯಾವುದಾದರೂ ಒಂದು. ಅದನ್ನು ಮೊದಲ ವರ್ಷದಿಂದಲೇ ಶುರು ಮಾಡಬೇಕು. ಕೊನೇ ಸೆಮಿಸ್ಟರ್‌ಗೆ ಬಿಟ್ಟರೆ ಆಗುವುದಿಲ್ಲ.

ಜಿಟಿಮಳೆ:
ಎಂಎ ಆದ ಮೇಲೆ ಸುಮ್ನೆ ಪಿಎಚ್‌ಡಿಗೆ ಜಾರಿಕೊಳ್ಳಬೇಡಿ ಅಂತಲೂ ಹೇಳಿ. ಕೆಲಸ ಸಿಗಲಿಲ್ಲ ಅಂತ ಪಿಎಚ್‌ಡಿ ಸೇರಿದವರನ್ನು ನೋಡಿದ್ದೇನೆ. ಹೊರಗೆ ಬಂದಾಗ ವಯಸ್ಸು ಮೂವತ್ತು ದಾಟಿರುತ್ತದೆ, ಬೋಧನೆಯ ಹುದ್ದೆಗಳು ಬೆರಳೆಣಿಕೆ. ಸಂಶೋಧನೆಯ ಹಸಿವು ಇದ್ದವರಿಗೆ ಮಾತ್ರ ಅದು.

ಅಂಕಿಸಂಖ್ಯೆ:
ಹೊರಗೆ ಬರುವ ವರ್ಷವೂ ಮುಖ್ಯ. ಕೆನಡಾದ ಪದವೀಧರರ ಬಗ್ಗೆ 2012ರಲ್ಲಿ ಬಂದ ಅಧ್ಯಯನದ ಪ್ರಕಾರ, ಆರ್ಥಿಕ ಹಿಂಜರಿತದಲ್ಲಿ ಡಿಗ್ರಿ ಮುಗಿಸಿದವರ ಸಂಬಳ ಮೊದಲಿಗೆ ಸುಮಾರು ಶೇ. 9 ಕಡಿಮೆ ಇರುತ್ತದೆ, ಆ ಹಿನ್ನಡೆ ಪೂರ್ತಿ ಹೋಗಲು ಹತ್ತು ವರ್ಷದ ಹತ್ತಿರ ಬೇಕು. ಅದು ಯಾರ ಕೈಯಲ್ಲೂ ಇಲ್ಲ. ಕೈಯಲ್ಲಿರುವುದು ಸಾಲ, ಕಾಲೇಜು, ಜೊತೆಗೆ ಕಲಿಯುವ ಇನ್ನೊಂದು ವಿಷಯ.

ದೊಡ್ಡಣ್ಣ:
ಎಲ್ಲ ಓದುತ್ತಿದ್ದೇನೆ, ತಂಗಿಯೂ ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ. ಅವಳ ಪ್ರಶ್ನೆ: ಒಂದು ಕಾಲೇಜಿನ ಇತಿಹಾಸ ವಿಭಾಗ ಚೆನ್ನಾಗಿದೆಯಾ ಇಲ್ಲವಾ ಅಂತ ಸೇರುವ ಮುಂಚೆ ಗೊತ್ತಾಗುವುದು ಹೇಗೆ? ವೆಬ್‌ಸೈಟಿನಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ಕಡತದಕೋಣೆ:
ವೆಬ್‌ಸೈಟ್ ಬಿಡಿ. ವಿಭಾಗಕ್ಕೆ ಹೋಗಿ, ಹಿಂದಿನ ಮೂರು ಬ್ಯಾಚಿನವರು ಈಗ ಎಲ್ಲಿದ್ದಾರೆ ಅಂತ ಕೇಳಲಿ. ಹೆಸರು ಹಿಡಿದು ಹೇಳುವ ಮೇಷ್ಟ್ರು ಸಿಕ್ಕರೆ ಒಳ್ಳೆಯ ಲಕ್ಷಣ. ಮೊದಲ ಇಬ್ಬರು ಜಾಣರ ಬಗ್ಗೆ ಮಾತ್ರ ಹೇಳಿದರೆ, ಉಳಿದವರು ಅಂತ ಇನ್ನೊಮ್ಮೆ ಕೇಳಲಿ.

ಹಳೇಮೇಷ್ಟ್ರು:
ಕೊನೇ ವರ್ಷದವರು ಬರೆದ ಒಂದು ಪ್ರಬಂಧವನ್ನೂ ಕೇಳಿ ಪಡೆದು ನೋಡಮ್ಮ. ಅಂಕದ ಕಡೆ ನೋಡಬೇಡ, ಅಂಚಿನಲ್ಲಿ ಮೇಷ್ಟ್ರು ಏನು ಬರೆದಿದ್ದಾರೆ ನೋಡು. "ಈ ಮಾತಿಗೆ ಆಧಾರ ಎಲ್ಲಿ?", "ಇದನ್ನು ಇನ್ನೊಂದು ದಾಖಲೆ ಜೊತೆ ಇಟ್ಟು ನೋಡು" ಅಂತ ಬರೆದಿದ್ದರೆ ಅಲ್ಲಿ ಕಲಿಸುತ್ತಾರೆ. ಬರೀ ಟಿಕ್ ಮಾರ್ಕು ಇದ್ದರೆ ಇನ್ನೊಂದು ಕಾಲೇಜು ನೋಡು. ಕಾಲೇಜು ಸರ್ಕಾರಿಯಾ ಖಾಸಗಿಯಾ ಅನ್ನುವುದಕ್ಕಿಂತ ಅದು ಮುಖ್ಯ.

ಮೂರನೇಬೆಂಚು:
ಅಲ್ಲಿನ ಹುಡುಗರಿಗೆ ಬೇರೆ ವಿಭಾಗದ ಪೇಪರ್ ತೆಗೆದುಕೊಳ್ಳಲು ಬಿಡುತ್ತಾರಾ ಅಂತಲೂ ಕೇಳಿಬಿಡಿ. ಸಂಖ್ಯಾಶಾಸ್ತ್ರ, ಕಂಪ್ಯೂಟರ್, ಯಾವುದಾದರೂ. ಟೈಮ್‌ಟೇಬಲ್ ಹೊಂದುವುದಿಲ್ಲ ಅಂತ ಬಿಡದ ಕಾಲೇಜುಗಳೇ ಜಾಸ್ತಿ.